ಆಲಿಕೆ ಸಭೆ ಬಹಿಷ್ಕರಿಸಿದರೆ ಕಸದ ಘಟಕ ನಿಲ್ಲುತ್ತಾ?

ಕಸದ ಘಟಕದ ಬಗ್ಗೆ ಬರುವ ಪತ್ರಗಳಲ್ಲಿ ಊರ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಈ ಸಲ ಒಂದಕ್ಕೆ ಉದ್ದ ಉತ್ತರ. ಉಳಿದವಕ್ಕೆ ತಾಳ್ಮೆ ಇದ್ದಷ್ಟು.

ಪ್ರಶ್ನೆ: ನಮ್ಮೂರ ಗೋಮಾಳದಲ್ಲಿ ಕಸ ಸಂಸ್ಕರಣಾ ಘಟಕ, ಜೊತೆಗೆ ಉಳಿದ ಕಸ ಹೂಳುವ ಲ್ಯಾಂಡ್‌ಫಿಲ್ ಬರುತ್ತದಂತೆ. ರಾಷ್ಟ್ರೀಯ ಉದ್ಯಾನದ ಅಂಚು ನಾಲ್ಕು ಕಿ.ಮೀ. ಜನರ ಅಹವಾಲು ಕೇಳಲು ಮುಂದಿನ ತಿಂಗಳು ನಡೆಯುವ ಪರಿಸರ ಆಲಿಕೆ ಸಭೆಯನ್ನು ಊರೆಲ್ಲ ಬಹಿಷ್ಕರಿಸುತ್ತಿದ್ದೇವೆ. ಸರಿ ಅಲ್ವಾ?

ಉತ್ತರ: ಸರಿ ಅಲ್ಲ. ಎಷ್ಟು ಸಲ ಹೇಳಬೇಕೋ ಗೊತ್ತಿಲ್ಲ. ಈ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಲೇಬೇಕು ಅನ್ನುವ ನಿಯಮ ಇಲ್ಲ. 2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆಯಲ್ಲೇ ಹಾಗಿದೆ. ನೀವು ಹೊರಗೆ ಧಿಕ್ಕಾರ ಕೂಗುತ್ತಿರುತ್ತೀರಿ, ಒಳಗೆ ನಾಲ್ಕು ಜನರನ್ನು ಕೂರಿಸಿಕೊಂಡು ಸಭೆ ಮುಗಿಸುತ್ತಾರೆ. ನಡಾವಳಿಯಲ್ಲಿ ನಿಮ್ಮ ಧಿಕ್ಕಾರ ಇರುವುದಿಲ್ಲ.

ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಆ 30 ದಿನ ಬ್ಯಾನರ್ ಬರೆಸಲಿಕ್ಕಲ್ಲ, ಓದಲಿಕ್ಕೆ. ಕರಡು ಇಐಎ ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಸಿಗುತ್ತದೆ. ಕನ್ನಡದ ಸಾರಾಂಶ ಓದಿ ಸಾಕು ಅಂದುಕೊಳ್ಳಬೇಡಿ. ಎಡವಟ್ಟುಗಳೆಲ್ಲ ಒಳಗಿನ ಪುಟಗಳಲ್ಲಿ ಇರುತ್ತವೆ.

ಮೊದಲು ಕಾಡಿನ ದೂರ ನೋಡಿ. ಸಂರಕ್ಷಿತ ಕಾಡಿನ ಗಡಿಯಿಂದ 5 ಕಿ.ಮೀ. ಒಳಗಿದ್ದರೆ ಇಂಥ ಯೋಜನೆಯ ಪರಿಶೀಲನೆ ಕೇಂದ್ರದ ಮಟ್ಟದಲ್ಲಿ ಆಗಬೇಕು. ಹಾಗಾಗಿ ನಾಲ್ಕು ಕಿ.ಮೀ. ಕಾಗದದಲ್ಲಿ ಆರಾಗುವ ಅಪಾಯ ಇದ್ದೇ ಇದೆ. ನಾನು ನೋಡಿದ ಒಂದು ವರದಿಯಲ್ಲಿ ದೂರವನ್ನು ಕಾಡಿನ ಗಡಿಗೆ ಅಳೆಯದೆ ಅರಣ್ಯ ಚೆಕ್‌ಪೋಸ್ಟ್‌ಗೆ ಅಳೆದಿದ್ದರು!

ಆಮೇಲೆ ನೀರು. ವರದಿಗೆ ಮಾಹಿತಿ ಸಂಗ್ರಹಿಸುವುದು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ. ಆದರೆ ಕಸದಿಂದ ಇಳಿಯುವ ಕಪ್ಪು ನೀರು, ಲೀಚೇಟ್, ಜಾಸ್ತಿಯಾಗುವುದೇ ಮಳೆಯಲ್ಲಿ. ಬೇಸಿಗೆಯಲ್ಲಿ ಬಂದವರಿಗೆ ನಿಮ್ಮ ಹಳ್ಳ ಬರೀ ಗುಂಡಿಯ ಹಾಗೆ ಕಾಣುತ್ತದೆ. ಗ್ರಾಮ ನಕ್ಷೆ ತನ್ನಿ. ಆ ಸರ್ವೆ ನಂಬರಿನಿಂದ ಹಳ್ಳ ಎತ್ತ ಹರಿಯುತ್ತದೆ, ಯಾವ ಕೆರೆಗೆ ಸೇರುತ್ತದೆ ಗುರುತು ಮಾಡಿ. ಮಳೆಯಲ್ಲಿ ಹರಿಯುವಾಗಿನ ವಿಡಿಯೊ ಯಾರ ಫೋನಿನಲ್ಲಾದರೂ ಇದ್ದೇ ಇರುತ್ತದೆ, ದಿನಾಂಕ ಸಮೇತ ಕೊಡಿ. ಅಕ್ಕಪಕ್ಕದ ಬಾವಿ, ಬೋರ್‌ವೆಲ್ ನೀರನ್ನು ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಈಗಲೇ ಪರೀಕ್ಷೆ ಮಾಡಿಸಿ. ಇದೊಂದಕ್ಕೆ ಮಾತ್ರ ಜಿಪುಣತನ ಬೇಡ. ನೀರು ಕೆಟ್ಟ ಮೇಲೆ ಘಟಕದವರು "ಮೊದಲೇ ಹೀಗಿತ್ತು" ಅಂದರೆ ನಿಮ್ಮ ಕೈಯಲ್ಲಿ ಏನಿರುತ್ತದೆ?

ಸಭೆಯಲ್ಲಿ ಹೆಸರು, ಊರು ಹೇಳಿ ಮಾತಾಡಿ. ಬರವಣಿಗೆಯಲ್ಲೂ ಕೊಟ್ಟು ಸ್ವೀಕೃತಿ ತಗೊಳ್ಳಿ. ಒಂದೇ ಪತ್ರಕ್ಕೆ ಸಾವಿರ ಸಹಿ ಹಾಕಿಸುವುದಕ್ಕಿಂತ ಬೇರೆ ಬೇರೆ ವಿಷಯದ ಇಪ್ಪತ್ತು ಪತ್ರ ಮೇಲು. ಕೊನೆಗೆ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಬೇಕು. ಆಗ ಊಟಕ್ಕೆ ಎದ್ದು ಹೋಗಬೇಡಿ. ಬಿಟ್ಟುಹೋದದ್ದನ್ನು ಅಲ್ಲೇ ಸೇರಿಸಲು ಹೇಳಿ. ಮುಂದೆ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠಕ್ಕೆ ಹೋದರೆ ಕೈ ಹಿಡಿಯುವುದು ಆ ನಡಾವಳಿಯೇ. ಪರಿಸರ ಅನುಮತಿಯ ಆದೇಶ ತಿಳಿಸಿದ ದಿನದಿಂದ ಮೇಲ್ಮನವಿಗೆ ಇರುವುದು 30 ದಿನ. ತಕ್ಕ ಕಾರಣ ಕೊಟ್ಟರೆ ಇನ್ನೂ 60. "ಅನುಮತಿ ಸಿಗಲಿ, ಆಮೇಲೆ ನೋಡೋಣ" ಅನ್ನುವವರು ಸಾಮಾನ್ಯವಾಗಿ 91ನೇ ದಿನ ನನಗೆ ಫೋನ್ ಮಾಡುತ್ತಾರೆ.

ಪ್ರಶ್ನೆ: ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನವರು ಅದನ್ನು ಬೀದಿಗಿಳಿದೇ ನಿಲ್ಲಿಸಲಿಲ್ವಾ?

ಉತ್ತರ: ನಿಲ್ಲಿಸಿದರು, 2014ರ ಡಿಸೆಂಬರ್ 1ಕ್ಕೆ. ಅಷ್ಟರಲ್ಲಿ ಊರ ಪಕ್ಕ ಕಸದ ಗುಡ್ಡವೇ ಎದ್ದಿತ್ತು. ನಿಮ್ಮದು ಇನ್ನೂ ಕಾಗದದಲ್ಲಿದೆ.

ಪ್ರಶ್ನೆ: ಕಾಡಿನಿಂದ 10 ಕಿ.ಮೀ. ಒಳಗೆ ಏನೂ ಕಟ್ಟುವಂತಿಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಉತ್ತರ: ಡಿಲೀಟ್ ಮಾಡಿ. ನಿಮ್ಮ ಕಾಡಿನ ಸುತ್ತ ನಿರ್ಬಂಧ ಇರುವ ಪ್ರದೇಶದ, ಅಂದರೆ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ ಹುಡುಕಿ, ಹಳ್ಳಿಗಳ ಪಟ್ಟಿಯಲ್ಲಿ ನಿಮ್ಮೂರು ಇದೆಯಾ ನೋಡಿ.

ಪ್ರಶ್ನೆ: ಆ ಜಾಗದಲ್ಲಿ ರಾತ್ರೋರಾತ್ರಿ ಗುಡಿ ಕಟ್ಟಿದರೆ?

ಉತ್ತರ: ಗೋಮಾಳ ಒತ್ತುವರಿ ಕೇಸು ನಿಮ್ಮ ಮೇಲೆ ಬೀಳುತ್ತದೆ. ದೇವರನ್ನು ಸುಮ್ನೆ ಬಿಡಿ.

ಪ್ರಶ್ನೆ: ಒಂದು ದ್ರಾವಣ ಸಿಂಪಡಿಸಿದರೆ ವಾಸನೆಯೇ ಇರಲ್ಲ ಅಂತ ಏಜೆಂಟರೊಬ್ಬರು ಡೆಮೊ ತೋರಿಸಿದರು.

ಉತ್ತರ: ಒಂದು ಬಕೆಟ್ ಕಸದ ಡೆಮೊ ತಾನೆ? ಗಾಳಿಯಾಡದ ಹಸಿ ಕಸ ನಾರುತ್ತದೆ. ಗಾಳಿಯಾಡಬೇಕಾದರೆ ರಾಶಿಯನ್ನು ಆಗಾಗ ತಿರುವಿ ಹಾಕಬೇಕು. ಅದಕ್ಕೆ ಯಂತ್ರ ಎಷ್ಟು, ಆಳು ಎಷ್ಟು, ಡೀಸೆಲ್ ಎಷ್ಟು ಅಂತ ಕೇಳಿ. ಬಾಟಲಿ ಎತ್ತಿಕೊಂಡು ಹೊರಡುತ್ತಾರೆ.