ಪಿ 0700 ಬಂದರೆ ಟಿಸಿಎಂ ಕೆಟ್ಟಿದೆಯೇ?

ಪ್ರಶ್ನೆ: ನನ್ನ ಆಟೋಮ್ಯಾಟಿಕ್ ಪಿಕಪ್ ಓಡುತ್ತಿರುವಾಗಲೇ ಒಂದೇ ಗೇರಿನಲ್ಲಿ ನಿಂತುಬಿಡುತ್ತದೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಸ್ಕ್ಯಾನರ್ ಪಿ 0700 ಎಂಬ ದೋಷದ ಕೋಡ್ ತೋರಿಸುತ್ತಿದೆ. ಟಿಸಿಎಂ (ಗೇರ್ ಬದಲಾವಣೆ ನಿಯಂತ್ರಿಸುವ ಕಂಪ್ಯೂಟರ್ ಮಾಡ್ಯೂಲ್) ನಾನೇ ಬದಲಿಸಬಹುದೇ?

ಉತ್ತರ: ದಯವಿಟ್ಟು ಈಗಲೇ ಮಾಡ್ಯೂಲ್ ಕೊಳ್ಳಬೇಡಿ. ಪಿ 0700 ಅಂದರೆ ಟ್ರಾನ್ಸ್‌ಮಿಷನ್ ಕಡೆ ಏನೋ ದೋಷವಿದೆ ಎಂಬ ಸೂಚನೆ ಅಷ್ಟೇ. ಟ್ರಾನ್ಸ್‌ಮಿಷನ್ ಕೋಡ್‌ಗಳನ್ನೂ ಓದಬಲ್ಲ ಸ್ಕ್ಯಾನರ್ ಹಾಕಿಸಿ. ಯು 0101 ಬಂದರೆ ಟಿಸಿಎಂ ಜೊತೆ ಸಂಪರ್ಕ ತಪ್ಪಿದೆ. ಅದಕ್ಕೆ ವೈರಿಂಗೂ ಕಾರಣವಿರಬಹುದು. ಪಿ 0613 ಬಂದರೆ ಮಾಡ್ಯೂಲಿನ ಮೇಲೆಯೇ ಅನುಮಾನ ಹೆಚ್ಚು.

ಮೊದಲು ಬ್ಯಾಟರಿ: ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ಇರಬೇಕು. ಆಮೇಲೆ ಫ್ಯೂಸ್, ಅರ್ತ್ ವೈರ್. ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿ: ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ಎಣ್ಣೆಯ ಪಸೆ, ಬಾಗಿದ ಪಿನ್. ಬಹಳಷ್ಟು ಸಲ ರೋಗ ಇಲ್ಲೇ ಇರುತ್ತದೆ.

ಮಾಡ್ಯೂಲೇ ಕೆಟ್ಟಿದ್ದರೆ, ಪಾರ್ಟ್ ನಂಬರ್ ಅಕ್ಷರ ಬಿಡದೆ ಹೊಂದಿಸಿ. ಬ್ಯಾಟರಿಯ ನೆಗೆಟಿವ್ ತೆಗೆದು 15 ನಿಮಿಷ ಬಿಡಿ. ಬರಿಯ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ, ಪಿನ್ ಮುಟ್ಟಬೇಡಿ. ಲಾಕ್ ಎತ್ತದೆ ಕನೆಕ್ಟರ್ ಎಳೆದರೆ ಅದು ಮುರಿಯುತ್ತದೆ.

ಜೋಡಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಚಾಸಿ ನಂಬರ್ ಸಹಿತ ಪ್ರೋಗ್ರಾಮಿಂಗ್ ಬೇಕು. ನಡುವೆ ವೋಲ್ಟೇಜ್ ಕುಸಿದರೆ ಹೊಸ ಮಾಡ್ಯೂಲ್ ಹಾಳಾಗಬಹುದು, ಹಾಗಾಗಿ ಒಂದೇ ಸಮನಾದ ವೋಲ್ಟೇಜ್ ಪೂರೈಸುವ ಚಾರ್ಜರ್ ಹಾಕಿಯೇ ಮಾಡಿಸಿ. ಆಮೇಲೆ ಶಿಫ್ಟ್ ರೀಲರ್ನ್, ಅಂದರೆ ಗೇರ್ ಬದಲಾವಣೆಯನ್ನು ಮಾಡ್ಯೂಲಿಗೆ ಹೊಸದಾಗಿ ಕಲಿಸುವುದು. ಟಿಸಿಎಂ ಗೇರ್‌ಬಾಕ್ಸ್ ಒಳಗೇ ಇರುವ ಮಾದರಿಯಾದರೆ ಎಣ್ಣೆ ಇಳಿಸಿ ಪ್ಯಾನ್ ಬಿಚ್ಚಬೇಕು. ಅದನ್ನು ನುರಿತವರಿಗೇ ಬಿಡಿ.