ಬೇಸ್‌ಬಾಲ್‌ನಲ್ಲಿ ಕೊನೆಗೆ ಬಂದು ಮೂರು ಔಟ್ ತೆಗೆಯೋ ಪಿಚರ್‌ಗೆ ಯಾಕೆ ಅಷ್ಟೊಂದು ಬೆಲೆ?

ಮೂರು ಗಂಟೆ ಮ್ಯಾಚಲ್ಲಿ ಕೊನೇ ಹತ್ತು ಹದಿನೈದು ನಿಮಿಷಕ್ಕೆ ಮಾತ್ರ ಬರೋ ರಿಲೀಫ್ ಪಿಚರ್‌ಗೆ (ಪಿಚರ್ ಅಂದ್ರೆ ಬ್ಯಾಟರ್‌ಗೆ ಚೆಂಡು ಎಸೆಯೋನು) ಅಷ್ಟು ದುಡ್ಡು, ಅಷ್ಟು ಮರ್ಯಾದೆ ಯಾಕೆ ಅಂತ ಕೇಳಿದ್ದೀರ, ನಮ್ಮ ದೇಶದವರು ಯಾರಾದ್ರೂ ಈ ಕೆಲಸ ಮಾಡಿದ್ದಾರಾ ಅಂತಾನೂ ಕೇಳಿದ್ದೀರ. ನಾನು ಕೆಲಸಕ್ಕೆ ಅಂತ ನ್ಯೂಜೆರ್ಸಿಗೆ ಬಂದ್ಮೇಲೆ ನ್ಯೂಯಾರ್ಕ್ ಯಾಂಕೀಸ್ ತಂಡದ ಮ್ಯಾಚ್ ನೋಡೋ ಹುಚ್ಚು ಹತ್ತಿಸ್ಕೊಂಡವನು, ಆ ತಂಡದ ರಿಲೀಫ್ ಪಿಚರ್ ಆಗಿದ್ದ ಮರಿಯಾನೊ ರಿವೆರಾ ಅಂದ್ರೆ ನನಗೆ ಪ್ರಾಣ, ಹಾಗಾಗಿ ಅವನನ್ನೇ ಇಟ್ಕೊಂಡು ಹೇಳ್ತೀನಿ.

ಇಲ್ಲಿ ಮೂರು ಜನ ಔಟಾದ್ರೆ ಒಂದು ತಂಡದ ಒಂದು ಇನ್ನಿಂಗ್ಸ್ ಮುಗೀತು, ಪ್ರತಿ ತಂಡಕ್ಕೂ ಅಂಥವು ಒಂಬತ್ತು. ಮ್ಯಾಚ್ ಶುರು ಮಾಡೋ ಪಿಚರ್, ಅಂದ್ರೆ ಸ್ಟಾರ್ಟರ್, ಐದಾರು ಇನ್ನಿಂಗ್ಸ್ ಎಸೆದು ಸುಸ್ತಾದ್ಮೇಲೆ ಬರೋರೆಲ್ಲಾ ರಿಲೀಫ್ ಪಿಚರ್‌ಗಳು, ಅವರಲ್ಲಿ 9ನೇ ಇನ್ನಿಂಗ್ಸ್‌ಗೆ ಅಂತಲೇ ಇಟ್ಕೊಂಡಿರೋನು ಕ್ಲೋಸರ್. ತಂಡ ಮೂರು ರನ್ ಅಥವಾ ಅದಕ್ಕಿಂತ ಕಮ್ಮಿ ಲೀಡಲ್ಲಿದ್ದಾಗ ಬಂದು ಆ ಇನ್ನಿಂಗ್ಸ್ ಮುಗಿಸಿ ಗೆಲ್ಲಿಸಿದ್ರೆ ಅವನ ಲೆಕ್ಕಕ್ಕೆ ಒಂದು ಸೇವ್, ಲೀಡ್ ಕಳೆದ್ರೆ ಬ್ಲೋನ್ ಸೇವ್. ಟಿ20ಲಿ 20ನೇ ಓವರ್ ಹಾಕೋ ಬೌಲರ್ ಥರ ಅಂದ್ಕೊಳ್ಳಿ, ಆದ್ರೆ ಇಲ್ಲಿ ವರ್ಷಕ್ಕೆ 162 ಲೀಗ್ ಮ್ಯಾಚ್, ಇವತ್ತು ಎಲ್ಲರ ದುಡಿಮೆ ನೀರಲ್ಲಿ ಹೋಮ ಮಾಡಿ ಹೋದವನು ನಾಳೆ ಮತ್ತೆ ಅದೇ ಜಾಗದಲ್ಲಿ ನಿಲ್ಬೇಕು. ರಿವೆರಾ ಹೆಸರಲ್ಲಿ 652 ಸೇವ್ ಇದೆ, ಅದು ದಾಖಲೆ, ಎಲ್ಲರೂ ಅದನ್ನೇ ಹೇಳ್ತಾರೆ. ನಾನು ಮಾತ್ರ ಅವನ 80 ಬ್ಲೋನ್ ಸೇವ್‌ಗಳನ್ನೂ ನೋಡಿ ಅಂತೀನಿ, ಯಾಕಂದ್ರೆ ಈ ಕೆಲಸದ ಬೆಲೆ ಗೊತ್ತಾಗೋದೇ ಅಲ್ಲಿ.

ಅವನು ಹುಟ್ಟಿದ್ದು 1969ರಲ್ಲಿ ಪನಾಮಾದಲ್ಲಿ, ಬೆಳೆದಿದ್ದು ಪುಯೆರ್ಟೊ ಕೈಮಿಟೊ ಅನ್ನೋ ಮೀನುಗಾರರ ಊರಲ್ಲಿ. ಅಪ್ಪ ಮೀನು ದೋಣಿಯ ಕ್ಯಾಪ್ಟನ್, ಇವನೂ ಅದೇ ದೋಣಿಯಲ್ಲಿ ದುಡಿದವನು, ಚಿಕ್ಕವನಿದ್ದಾಗ ಹಾಲಿನ ರಟ್ಟಿನ ಡಬ್ಬಿನೇ ಗ್ಲೌಸ್. 1990ರಲ್ಲಿ ಯಾಂಕೀಸ್ ಎರಡು ಮೂರು ಸಾವಿರ ಡಾಲರ್ ಕೊಟ್ಟು ಸೈನ್ ಮಾಡಿಸ್ಕೊಂಡ್ರು, 1992ರಲ್ಲಿ ಮೊಣಕೈ ಆಪರೇಷನ್ ಆಯ್ತು, 1995ರಲ್ಲಿ ದೊಡ್ಡ ಲೀಗ್‌ಗೆ ಬಂದಿದ್ದು ಸ್ಟಾರ್ಟರ್ ಆಗಿ, ಮೊದಲ ಮ್ಯಾಚಲ್ಲೇ ಚೆನ್ನಾಗಿ ಹೊಡೆಸ್ಕೊಂಡ. ರಿಲೀಫ್ ಪಿಚರ್ ಆಗ್ತೀನಿ ಅಂತ ಕನಸು ಕಟ್ಕೊಂಡು ಬರೋರು ಕಮ್ಮಿ, ಸ್ಟಾರ್ಟರ್ ಆಗಿ ನಿಲ್ಲಕ್ಕಾಗದೆ ಆ ಕಡೆ ಹೋದೋರೇ ಜಾಸ್ತಿ. 1996ರಲ್ಲಿ ಕ್ಲೋಸರ್ ಜಾನ್ ವೆಟ್‌ಲ್ಯಾಂಡ್‌ಗಿಂತ ಮೊದಲು ಬಂದು ಎಸೀತಿದ್ದ, 97ರಲ್ಲಿ ಆ ಜಾಗ ಇವನಿಗೇ ಸಿಕ್ತು.

ಅದೇ ವರ್ಷ ಜೂನಲ್ಲಿ ತಂಡದ ಇನ್ನೊಬ್ಬ ಪಿಚರ್ ರಾಮಿರೊ ಮೆಂಡೋಜಾ ಜೊತೆ ಸುಮ್ನೆ ಕ್ಯಾಚ್ ಆಡ್ತಿರ್ಬೇಕಾದ್ರೆ ಇವನು ಎಸೆದ ಚೆಂಡು ಕೊನೇ ಗಳಿಗೇಲಿ ಪಕ್ಕಕ್ಕೆ ಸರಿಯೋಕೆ ಶುರುವಾಯ್ತು. ಬೇಕು ಅಂತ ಮಾಡಿದ್ದಲ್ಲ, ಕೋಚ್ ಜೊತೆ ಕೂತು ಅದನ್ನ ನೆಟ್ಟಗೆ ಮಾಡೋಕೂ ನೋಡಿದ್ರು, ಆಗ್ಲಿಲ್ಲ, ಕೊನೆಗೆ ದೇವರು ಕೊಟ್ಟಿದ್ದು ಅಂತ ಒಪ್ಕೊಂಡ. ಅದೇ ಅವನ ಕಟರ್. ಮುಂದೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಮ್ಮಿ ಅದೊಂದನ್ನೇ ಎಸೆದ. ಏನು ಬರುತ್ತೆ ಅಂತ ಬ್ಯಾಟರ್‌ಗೂ ಗೊತ್ತು, ಸ್ಟೇಡಿಯಮ್ಮಿಗೂ ಗೊತ್ತು, ಆದ್ರೂ ಹೊಡೆಯಕ್ಕಾಗ್ತಿರ್ಲಿಲ್ಲ. ಎಡಗೈ ಬ್ಯಾಟರ್‌ಗೆ ನೇರ ಬರ್ತಿದೆ ಅಂತ ಕಾಣೋ ಚೆಂಡು ಹತ್ರ ಬಂದಾಗ ಅವನ ಕೈ ಕಡೆಗೆ ಸರಿದು ಬ್ಯಾಟಿನ ಹಿಡಿ ಹತ್ರ ಬಡಿಯುತ್ತೆ, ಬ್ಯಾಟು ಎರಡು ತುಂಡು. ಎಷ್ಟು ಬ್ಯಾಟ್ ಮುರಿದಿದ್ದ ಅಂದ್ರೆ 2013ರಲ್ಲಿ ರಿಟೈರ್ ಆಗೋವಾಗ ಮಿನೆಸೋಟಾ ಟ್ವಿನ್ಸ್‌ನೋರು ಮುರಿದ ಬ್ಯಾಟ್‌ಗಳಲ್ಲೇ ತೂಗೋ ಕುರ್ಚಿ ಮಾಡ್ಸಿ ಉಡುಗೊರೆ ಕೊಟ್ರು.

ಈಗ ಸೋಲಿನ ವಿಷಯ. 2001 ನವೆಂಬರ್ 4, ಅರಿಜೋನಾ ವಿರುದ್ಧ ವರ್ಲ್ಡ್ ಸೀರೀಸ್‌ನ, ಅಂದ್ರೆ ವರ್ಷದ ಫೈನಲ್ ಸರಣಿಯ, ಕೊನೇ 7ನೇ ಮ್ಯಾಚ್, ಯಾಂಕೀಸ್ 2-1 ಲೀಡಲ್ಲಿದೆ. ಅಲ್ಲಿವರೆಗೆ ಪೋಸ್ಟ್‌ಸೀಸನ್‌ನಲ್ಲಿ (ಲೀಗ್ ಮುಗಿದ್ಮೇಲಿನ ನಾಕೌಟ್ ಸರಣಿಗಳಲ್ಲಿ) ಸತತ 23 ಸೇವ್ ಮಾಡಿದ್ದವನು, 8ನೇ ಇನ್ನಿಂಗ್ಸ್‌ನಲ್ಲೂ ಮೂರು ಜನರನ್ನ ಚೆಂಡು ಹೊಡೆಯೋಕೇ ಬಿಡದೆ ಔಟ್ (ಸ್ಟ್ರೈಕ್‌ಔಟ್) ಮಾಡಿ ಹೋಗಿದ್ದ. 9ರಲ್ಲಿ ಮಾರ್ಕ್ ಗ್ರೇಸ್ ಸಿಂಗಲ್ ಹೊಡೆದು ಮೊದಲ ಬೇಸ್ ಸೇರಿದ (ಮೂರು ಬೇಸ್ ದಾಟಿ ವಾಪಸ್ ಬಂದ್ರೆ ಒಂದು ರನ್), ಮುಂದಿನವನು ಬಂಟ್ ಮಾಡಿದ, ಅಂದ್ರೆ ಬ್ಯಾಟ್ ಬೀಸದೆ ಚೆಂಡನ್ನ ಮೆಲ್ಲಗೆ ತಟ್ಟಿದ, ಆ ಚೆಂಡನ್ನ ರಿವೆರಾನೇ ಎತ್ಕೊಂಡು ಸೆಕೆಂಡ್ ಬೇಸ್‌ಗೆ ಎಸೆದಿದ್ದು ಗುರಿ ತಪ್ಪಿತು. ಆಮೇಲೆ ಟೋನಿ ವೊಮ್ಯಾಕ್ ಡಬಲ್ (ಎರಡನೇ ಬೇಸ್ ಸೇರೋಷ್ಟು ಹೊಡೆತ) ಹೊಡೆದು ಸ್ಕೋರ್ ಸಮ ಆಯ್ತು, ಇನ್ನೊಬ್ಬನಿಗೆ ಚೆಂಡು ತಗಲಿ ಅವನಿಗೂ ಬೇಸ್ ಸಿಕ್ಕಿ ಮೂರೂ ಬೇಸ್ ಭರ್ತಿ. ಮೂರನೇ ಬೇಸಲ್ಲಿರೋನು ಓಡಿ ಬರ್ದೇ ಇರ್ಲಿ ಅಂತ ಬೇಸ್‌ಗಳ ಹತ್ರ ನಿಲ್ಲೋ ಇನ್‌ಫೀಲ್ಡರ್‌ಗಳೆಲ್ಲಾ ಮುಂದಕ್ಕೆ ಬಂದು ನಿಂತ್ರು. ಲೂಯಿಸ್ ಗೊನ್ಸಾಲೆಜ್‌ಗೆ ಎಸೆದ ಕಟರ್ ಎಂದಿನ ಹಾಗೇ ಬ್ಯಾಟ್ ಮುರೀತು, ಆದ್ರೆ ಚೆಂಡು ಮೆತ್ತಗೆ ಹಾರಿ ಆ ಇನ್‌ಫೀಲ್ಡರ್‌ಗಳಲ್ಲೊಬ್ಬನಾದ ಡೆರೆಕ್ ಜೀಟರ್ ತಲೆ ಮೇಲಿಂದ ಹುಲ್ಲಿಗೆ ಬಿತ್ತು. ಜೀಟರ್ ಮಾಮೂಲಿ ಜಾಗದಲ್ಲಿ ನಿಂತಿದ್ರೆ ಅದು ಸುಲಭದ ಕ್ಯಾಚ್. ಮೂರನೇ ಬೇಸಲ್ಲಿದ್ದವನು ಓಡಿ ಬಂದ, ಸೀರೀಸ್ ಹೋಯ್ತು.

ಇದರ ಮುಂದಿನ ಕಥೆ ಓದಿದಾಗೆಲ್ಲಾ ನನಗೆ ಮೈ ಜುಮ್ಮನ್ನುತ್ತೆ. ತಂಡದಲ್ಲಿ ಎನ್ರಿಕೆ ವಿಲ್ಸನ್ ಅಂತ ಒಬ್ಬ ಇದ್ದ, ಡೊಮಿನಿಕನ್ ರಿಪಬ್ಲಿಕ್‌ನವನು. ಗೆದ್ದಿದ್ರೆ ನ್ಯೂಯಾರ್ಕ್‌ನಲ್ಲಿ ಮೆರವಣಿಗೆ ಮುಗಿಸ್ಕೊಂಡು ನವೆಂಬರ್ 12ರ ಅಮೆರಿಕನ್ ಏರ್‌ಲೈನ್ಸ್ 587ರಲ್ಲಿ ಊರಿಗೆ ಹೋಗ್ಬೇಕಿತ್ತು. ಸೋತಿದ್ರಿಂದ ಮುಂಚೆನೇ ಹೊರಟ. ಆ ವಿಮಾನ ಕ್ವೀನ್ಸ್‌ನಲ್ಲಿ ಬಿದ್ದು ಅದರಲ್ಲಿದ್ದ 260 ಜನಾನೂ ಸತ್ರು. ನಾವು ಸೋತಿದ್ದೇ ಒಳ್ಳೇದಾಯ್ತು, ಸ್ನೇಹಿತ ಉಳಿದ ಅಂತ ರಿವೆರಾ ಆಮೇಲೆ ಹೇಳಿದ್ದಾನೆ.

2004ರಲ್ಲಿ ಪನಾಮಾದ ಅವನ ಮನೆಯ ಈಜುಕೊಳದಲ್ಲಿ ಕರೆಂಟ್ ಹೊಡೆದು ಸಂಬಂಧಿಕರಿಬ್ಬರು ತೀರಿಕೊಂಡ್ರು, ಮಣ್ಣು ಮುಗಿಸಿ ಅದೇ ದಿನ ವಿಮಾನ ಹತ್ತಿ ಬಂದು ಬೋಸ್ಟನ್ ವಿರುದ್ಧದ ಸೆಮಿಫೈನಲ್ ಥರದ ಸರಣಿಯ ಮೊದಲ ಮ್ಯಾಚ್ ಸೇವ್ ಮಾಡಿದ. ಅದೇ ಸರಣಿಯ 4ನೇ ಮ್ಯಾಚಲ್ಲಿ ಲೀಡ್ ಕಳ್ಕೊಂಡ, ಬೋಸ್ಟನ್ 0-3 ಹಿಂದಿದ್ದು ಸರಣಿನೇ ಗೆದ್ದುಬಿಡ್ತು. ಮುಂದಿನ ಏಪ್ರಿಲ್‌ನಲ್ಲಿ ಬೋಸ್ಟನ್ ತಂಡದ ಮೈದಾನ ಫೆನ್‌ವೇ ಪಾರ್ಕ್‌ನಲ್ಲಿ ಅವನ ಹೆಸರು ಕೂಗಿದಾಗ ಬೋಸ್ಟನ್ ಜನ ಛೇಡಿಸೋಕೆ ಅಂತ ಎದ್ದು ನಿಂತು ಚಪ್ಪಾಳೆ ಹೊಡೆದ್ರು, ಅವನು ನಕ್ಕು ಟೋಪಿ ತೆಗೆದ. ಆ ವಿಡಿಯೋ ಸಿಗುತ್ತೆ, ನೋಡಿ. ಐದು ವರ್ಲ್ಡ್ ಸೀರೀಸ್ ಗೆದ್ದ ತಂಡಗಳಲ್ಲಿದ್ದ, 2012ರಲ್ಲಿ ಮಂಡಿ ಲಿಗಮೆಂಟ್ ಹರಿದು ಇನ್ನು ಮುಗೀತು ಅಂತ ಎಲ್ಲರೂ ಅಂದ್ಕೊಂಡಾಗ ವಾಪಸ್ ಬಂದು 43ನೇ ವಯಸ್ಸಲ್ಲಿ 44 ಸೇವ್ ಮಾಡಿ ನಿಲ್ಲಿಸಿದ. 2019ರಲ್ಲಿ ಹಾಲ್ ಆಫ್ ಫೇಮ್‌ಗೆ (ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಗೆ) ವೋಟ್ ಹಾಕಿದ 425 ಪತ್ರಕರ್ತರೂ ಅವನಿಗೇ ಹಾಕಿದ್ರು, ಅದಕ್ಕೂ ಮೊದಲು ಯಾರಿಗೂ ಹಾಗೆ ಪೂರ್ತಿ ವೋಟ್ ಬಿದ್ದಿರ್ಲಿಲ್ಲ.

ನಮ್ಮವರ ವಿಷಯ ಕೇಳಿದ್ರಲ್ಲ, ಇದ್ದಾನೆ. ಉತ್ತರ ಪ್ರದೇಶದ ರಿಂಕು ಸಿಂಗ್ (ಕೆಕೆಆರ್‌ಗೆ ಆಡೋ ರಿಂಕು ಅಲ್ಲ), ಜಾವೆಲಿನ್ ಎಸೀತಿದ್ದ ಎಡಗೈ ಹುಡುಗ. 2008ರಲ್ಲಿ ಚೆಂಡು ಎಸೆಯೋ ಟಿವಿ ಸ್ಪರ್ಧೆಯೊಂದನ್ನ ಗೆದ್ದು, ಅದೇ ಸ್ಪರ್ಧೆಯ ದಿನೇಶ್ ಪಟೇಲ್ ಜೊತೆ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿದ, ಅವರ ಕೆಳಗಿನ ಲೀಗ್ ತಂಡಗಳಲ್ಲಿ ಕೆಲವು ವರ್ಷ ರಿಲೀಫ್ ಪಿಚರ್ ಆಗಿದ್ದ. ಮೊಣಕೈ ಕೈಕೊಡ್ತು, ದೊಡ್ಡ ಲೀಗ್ ಸಿಗ್ಲಿಲ್ಲ, 2018ರಲ್ಲಿ ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಹೋದ. ಬೇಸ್‌ಬಾಲೇ ಆಡದೇ ಬೆಳೆದ ಹುಡುಗ ಅಷ್ಟು ದೂರ ಹೋಗಿದ್ದು ಸಣ್ಣ ಮಾತಲ್ಲ, ಅವನ ಬಗ್ಗೆ ಬೇಕಿದ್ರೆ ಬೇರೆ ಪ್ರಶ್ನೆ ಹಾಕಿ, ಬರೀತೀನಿ.