ಕಾಲ ಹಿಂದಕ್ಕೆ ತಿರುಗಿಸುವ ರೋಗ್‌ಗೆ ಪ್ರತಿ ಸುತ್ತಿಗೊಂದು ರೀರೋಲ್ ಕೊಡಬಹುದೇ?

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಡೈಸ್ ಹಾಕಿ ಪಾತ್ರಗಳಾಗಿ ಆಡುವ ಆಟ) ಐದನೇ ಆವೃತ್ತಿಯಲ್ಲಿ ರೋಗ್ (ಚುರುಕಾದ ಕಳ್ಳನಂಥ ಪಾತ್ರ) ಆಡುವ ನಿಮ್ಮ ಗೆಳತಿ ಲೆವೆಲ್ 3ಕ್ಕೆ ಹೋಮ್‌ಬ್ರೂ ಸಬ್‌ಕ್ಲಾಸ್ (ಪುಸ್ತಕದಲ್ಲಿಲ್ಲದ, ನಾವೇ ಬರೆದುಕೊಳ್ಳುವ ಉಪವರ್ಗ) ಕೇಳಿದ್ದಾರೆ, ಪ್ರತಿ ಸುತ್ತಿನಲ್ಲೂ ಕಾಲವನ್ನು ಹಿಂದಕ್ಕೆ ತಿರುಗಿಸಿ ಸೋತ ಒಂದು ರೋಲನ್ನು ಮತ್ತೆ ಹಾಕುವ ಶಕ್ತಿ ಬೇಕು ಅಂದಿದ್ದಾರೆ. ಶಕ್ತಿಯನ್ನು ಖಂಡಿತ ಕೊಡಿ, ಕಲ್ಪನೆ ಸೊಗಸಾಗಿದೆ. ‘ಪ್ರತಿ ಸುತ್ತಿನಲ್ಲೂ’ ಅನ್ನುವುದನ್ನು ಮಾತ್ರ ಒಪ್ಪಬೇಡಿ.

ನಾನು ಇಂಥ ಶಕ್ತಿ ಬರೆಯುವಾಗ ಮೊದಲು ನೋಡುವುದು, ಅದನ್ನು ಬಳಸುವ ತೀರ್ಮಾನ ಡೈಸ್ ಬೀಳುವ ಮೊದಲೋ ಆಮೇಲೋ ಎಂದು. ಏಟು ತಗಲಲು 20 ಮುಖದ ಡೈಸ್‌ನಲ್ಲಿ 11 ಅಥವಾ ಹೆಚ್ಚು ಬೇಕು ಅಂದುಕೊಳ್ಳಿ, ಅಂದರೆ ಶೇ. 50. ಮೊದಲೇ ಹೇಳಿ ಬಳಸಬೇಕಾದರೆ ಅದು ಬರೀ ಅಡ್ವಾಂಟೇಜ್ (ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು), ಶೇ. 75 ಆಗುತ್ತದೆ, ಲಾಭ 25. ತಪ್ಪಿದ್ದು ಗೊತ್ತಾದ ಮೇಲೆ ಬಳಸಲು ಬಿಟ್ಟರೆ, ಏಟು ತಗಲಿದಾಗ ಶಕ್ತಿ ಖರ್ಚಾಗುವುದೇ ಇಲ್ಲ. ಖರ್ಚಾದಾಗಲೆಲ್ಲ ಸೋಲು ಗೆಲುವಾಗುವ ಸಾಧ್ಯತೆ ಶೇ. 50. ಹೀಗೆ ಒಂದೊಂದು ಬಳಕೆಯ ಬೆಲೆ ನೇರ ಎರಡು ಪಟ್ಟು. 8 ಬಂದರೆ ಸಾಕು ಅನ್ನುವ ಕಡೆ ಅದು ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಎಷ್ಟೋ ಹೋಮ್‌ಬ್ರೂ ಶಕ್ತಿಗಳು ಆಟ ಕೆಡಿಸುವುದು ಈ ಒಂದು ಸಾಲಿನಲ್ಲೇ.

ಅಧಿಕೃತ ಆಟದಲ್ಲೇ ಇದಕ್ಕೊಂದು ಅಳತೆಗೋಲಿದೆ. ಕ್ರೊನರ್ಜಿ ವಿಝಾರ್ಡ್‌ಗೆ (ಕಾಲದ ಮಾಯೆ ಬಲ್ಲ ಮಾಂತ್ರಿಕನಿಗೆ) ಲೆವೆಲ್ 2ರಲ್ಲಿ ಸಿಗುವ ಕ್ರೋನಲ್ ಶಿಫ್ಟ್ ಎನ್ನುವ ಶಕ್ತಿ 30 ಅಡಿಯೊಳಗಿನ ಯಾರ ರೋಲನ್ನಾದರೂ, ಫಲ ಗೊತ್ತಾದ ಮೇಲೂ, ಮತ್ತೆ ಹಾಕಿಸುತ್ತದೆ. ಅದಕ್ಕೆ ರಿಯಾಕ್ಷನ್ (ಸುತ್ತಿಗೊಂದೇ ಸಿಗುವ ಪ್ರತಿಕ್ರಿಯೆಯ ಅವಕಾಶ) ಕೊಡಬೇಕು, ಲಾಂಗ್ ರೆಸ್ಟ್ (ಪಾತ್ರಗಳ ದೀರ್ಘ ವಿಶ್ರಾಂತಿ) ಆಗುವವರೆಗೆ 2 ಸಲ ಮಾತ್ರ, ಎರಡನೇ ರೋಲ್ ಹೇಗಿದ್ದರೂ ಒಪ್ಪಲೇಬೇಕು. ಗೆಳತಿಗೂ ರಿಯಾಕ್ಷನ್ ಬೆಲೆಯನ್ನೇ ಇಡಿ. ರೋಗ್‌ಗೆ ಅದು ಸಣ್ಣದಲ್ಲ: ಆಪರ್ಚುನಿಟಿ ಅಟ್ಯಾಕ್‌ನಲ್ಲಿ (ವೈರಿ ದೂರ ಸರಿಯುವಾಗ ಕೊಡುವ ಏಟಿನಲ್ಲಿ) ಇನ್ನೊಂದು ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಹಾನಿಯ ಏಟು) ಸಿಗುವ ಅವಕಾಶ ಹೋಗುತ್ತದೆ. ಲೆವೆಲ್ 5ರಿಂದ ಅನ್‌ಕ್ಯಾನಿ ಡಾಡ್ಜ್ (ತಗಲಿದ ಏಟಿನ ಹಾನಿಯನ್ನು ಅರ್ಧ ಮಾಡುವ ಶಕ್ತಿ) ಕೂಡ ಅದೇ ರಿಯಾಕ್ಷನ್‌ಗೆ ಪೈಪೋಟಿ ಮಾಡುತ್ತದೆ.

ಎಷ್ಟು ಸಲ ಅನ್ನುವುದು ನಿಮ್ಮ ಟೇಬಲ್ ನೋಡಿ ಹೇಳಬೇಕಾದ ಮಾತು. 2014ರ ಡಿಎಂ (ಆಟ ನಡೆಸುವವರ) ಕೈಪಿಡಿ ಒಂದು ದಿನಕ್ಕೆ 6ರಿಂದ 8 ಮುಖಾಮುಖಿ ಎಂದು ಲೆಕ್ಕ ಹಾಕಿದೆ. ನಿಮ್ಮಲ್ಲಿ ದಿನಕ್ಕೊಂದೇ ಕಾಳಗ ನಡೆದು ಎಲ್ಲರೂ ಮಲಗಿಬಿಡುವುದಾದರೆ ಲಾಂಗ್ ರೆಸ್ಟ್ ಮಿತಿಗೆ ಅರ್ಥವೇ ಇರುವುದಿಲ್ಲ. ಆಗ 1 ಸಲ ಸಾಕು.

ಇಷ್ಟಕ್ಕೇ ನಿಲ್ಲಿಸಿದರೆ ಇದು ವಿಝಾರ್ಡ್‌ನ ಶಕ್ತಿಯ ನಕಲು. ನನಗೆ ಇಷ್ಟವಾಗುವುದು ಇಲ್ಲಿಂದ ಮುಂದಿನ ಕೆಲಸ. ಕಾಲ ಹಿಂದಕ್ಕೆ ಹೋದರೆ ರೋಗ್ ಕೂಡ ಹಿಂದಕ್ಕೆ ಹೋಗಬೇಕಲ್ಲವೇ? ಹೀಗೆ ಬರೆದು ನೋಡಿ (ಸೇವಿಂಗ್ ಥ್ರೋ ಅಂದರೆ ಅಪಾಯದಿಂದ ತಪ್ಪಿಸಿಕೊಳ್ಳಲು ಹಾಕುವ ರೋಲ್): ‘ನಿನ್ನ ದಾಳಿಯೋ ಸೇವಿಂಗ್ ಥ್ರೋವೋ ವಿಫಲವಾದಾಗ ರಿಯಾಕ್ಷನ್ ಕೊಟ್ಟು ಮತ್ತೆ ರೋಲ್ ಮಾಡು, ಎರಡನೆಯದೇ ಅಂತಿಮ. ಅದರ ಫಲ ಮುಗಿದ ಕೂಡಲೇ, ನಿನ್ನ ಹಿಂದಿನ ಸರದಿ ಶುರುವಾದಾಗ ನಿಂತಿದ್ದ ಜಾಗಕ್ಕೆ ಮರಳುತ್ತೀಯ.’ ಸರದಿ ನಡೆಯುತ್ತಿರುವಾಗಲೇ ಬಳಸಿದರೆ ಆ ಸರದಿಯ ಆರಂಭವೇ ಲೆಕ್ಕ. ಒಮ್ಮೊಮ್ಮೆ ಇದು ವೈರಿಗಳ ನಡುವಿನಿಂದ ಪಾರು ಮಾಡುತ್ತದೆ, ಒಮ್ಮೊಮ್ಮೆ ಗಾಯಗೊಂಡ ಗೆಳೆಯನನ್ನು ಬಿಟ್ಟು ದೂರ ಎಳೆದೊಯ್ಯುತ್ತದೆ. ಮರಳುವ ಜಾಗದಲ್ಲಿ ಬೇರೆ ಯಾರಾದರೂ ನಿಂತಿದ್ದರೆ ಪಕ್ಕದ ಖಾಲಿ ಚೌಕ ಎಂದೂ ಸೇರಿಸಿ, ಇಲ್ಲದಿದ್ದರೆ ಮೊದಲ ಸೆಷನ್‌ನಲ್ಲೇ ಆ ಪ್ರಶ್ನೆ ಏಳುತ್ತದೆ.

ಸಂಖ್ಯೆಗಳನ್ನು ಲೆವೆಲ್ 5ರಲ್ಲಿ ಮತ್ತೆ ಕೂತು ನೋಡೋಣ ಎಂದು ಗೆಳತಿಗೆ ಈಗಲೇ ಹೇಳಿಡಿ. ಕೊಟ್ಟಮೇಲೆ ಕಿತ್ತುಕೊಂಡರೆ ಯಾರಿಗಾದರೂ ಬೇಸರವಾಗುತ್ತದೆ.